ಸೂಲಂಗಿ ಹೊತ್ತಿಗೆ ಎರಡು ನೀರು

ನಮಸ್ಕಾರ. ಮೆಕ್ಕೆಜೋಳ ಅಂದ ಕೂಡಲೇ "ಅದು ಕೋಳಿ ತಿನ್ನೋದಲ್ವಾ, ನಮ್ಮ ಊಟಕ್ಕೂ ಅದಕ್ಕೂ ಏನು ಸಂಬಂಧ" ಅನ್ನೋರಿದ್ದಾರೆ. ಸಂಬಂಧ ನೋಡ್ಬೇಕಾ? ಸರ್ಕಾರಿ ಶಾಲೆಯ ಬಿಸಿಯೂಟದ ತಟ್ಟೆ ನೋಡಿ. ಅಲ್ಲಿ ಮಗುವಿಗೆ ಸಿಗೋ ಮೊಟ್ಟೆಯ ಹಿಂದೆ ಇರೋದೇ ಮೆಕ್ಕೆಜೋಳ. ಕೋಳಿ ಆಹಾರದಲ್ಲಿ ದೊಡ್ಡ ಪಾಲು ಅದರದ್ದು. ಈಗ ಪೆಟ್ರೋಲ್‌ಗೆ ಬೆರೆಸೋ ಎಥೆನಾಲ್ ಮಾಡೋ ಕಾರ್ಖಾನೆಗಳಿಗೂ ಅದೇ ಕಾಳು ಬೇಕು. ಹಿಂದೆ ಹೊರಗೆ ಮಾರ್ತಿದ್ದ ದೇಶ ನಮ್ಮದು, 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ನಿಂದ ತರಿಸಿಕೊಳ್ತು. ಅಂದ್ರೆ ಇಲ್ಲೇ ಹೆಚ್ಚು ಬೆಳೀಬೇಕು, ಅದಕ್ಕೆ ಸರಿಯಾದ ಹೊತ್ತಿಗೆ ನೀರು ಬೇಕು.

ಬಿಹಾರದ ಪೂರ್ಣಿಯಾ, ಕಟಿಹಾರ್ ಕಡೆ ಹಿಂಗಾರಿನಲ್ಲಿ ಕೊಳವೆಬಾವಿ ನೀರು ಕೊಟ್ಟು ಮೆಕ್ಕೆಜೋಳ ಬೆಳೀತಾರೆ. ಮುಂಗಾರಿನ ಬೆಳೆಗಿಂತ ಎಕರೆವಾರು ಇಳುವರಿ ಬಹಳ ಜಾಸ್ತಿ. ನಮ್ಮ ದಾವಣಗೆರೆ, ಹಾವೇರಿ ರೈತರು ಬಹುಪಾಲು ಮುಗಿಲು ನೋಡ್ಕೊಂಡೇ ಬಿತ್ತೋರು. ಇಲ್ಲಿಗೆ ಬಿಹಾರದಷ್ಟು ನೀರು ತರೋಕಾಗಲ್ಲ, ತರಬೇಕಾಗೂ ಇಲ್ಲ. ಸೂಲಂಗಿ, ಅಂದ್ರೆ ಗಿಡದ ತುದಿಯಲ್ಲಿ ಮೂಡೋ ಗಂಡು ಹೂವಿನ ಗೊಂಚಲು, ಬರೋ ಹೊತ್ತಿಗೆ ಒಂದೆರಡು ನೀರು ಸಿಕ್ಕರೆ ಬೆಳೆ ಕೈಗೆ ಹತ್ತುತ್ತೆ.

ಆ ಹೊತ್ತಿಗೇ ಯಾಕೆ ಅಂತೀರಾ? ತೆನೆಯ ತುದಿಯಲ್ಲಿ ಕೂದಲಿನ ಹಾಗೆ ಇಳಿಬಿದ್ದಿರುತ್ತಲ್ಲ, ಅದರ ಒಂದೊಂದು ಎಳೆಗೂ ಒಂದೊಂದು ಕಾಳು. ಮೇಲಿನ ಸೂಲಂಗಿಯಿಂದ ಪರಾಗ ಉದುರಿ ಆ ಎಳೆಗೆ ಅಂಟಬೇಕು. ನೆಲ ಒಣಗಿದ್ರೆ ಎಳೆ ಹೊರಗೆ ಬರೋದೇ ತಡ. ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತೆ. ಆಮೇಲೆ ಎಷ್ಟು ಮಳೆ ಬಂದರೂ ಗಿಡ ಹಸಿರಾಗಿ ನಿಲ್ಲುತ್ತೆ, ಸಿಪ್ಪೆ ಸುಲಿದು ನೋಡಿದ್ರೆ ಬುಡದಲ್ಲಿ ನಾಲ್ಕು ಸಾಲು ಕಾಳು, ಮೇಲೆಲ್ಲಾ ಬರೀ ಬೆಂಡು. ಗೊಬ್ಬರ ಹಾಕಿದ ದುಡ್ಡು, ಕಳೆ ತೆಗೆಸಿದ ಕೂಲಿ, ಎಲ್ಲಾ ಅಲ್ಲಿಗೇ ಹೋಯ್ತು. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಜೂನ್ ಕೊನೆಗೆ ಬಿತ್ತಿದ ಹೊಲ ಸೂಲಂಗಿಗೆ ಬರೋದು ಸರಿಯಾಗಿ ಆ ತಿಂಗಳೇ.

ಇದಕ್ಕೆ ನಾನು ನಂಬಿರೋ ದಾರಿ, ಮಳೆ ನೀರು ಹಿಡಿದಿಡೋಕೆ ಹೊಲದಲ್ಲೇ ತೋಡೋ ಕೃಷಿ ಹೊಂಡ. 21 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡ ತುಂಬಿದ್ರೆ, ಬದಿಯ ಇಳಿಜಾರು ಕಳೆದು ಸುಮಾರು 9 ಲಕ್ಷ ಲೀಟರ್ ನೀರು. ಒಂದು ಎಕರೆ ಚೆನ್ನಾಗಿ ನೆನೆಯೋಕೆ 2 ಲಕ್ಷ ಲೀಟರ್ ಸಾಕು. ಅಂದ್ರೆ ಎರಡು ಎಕರೆಗೆ ಎರಡು ಸಲ ಆಯ್ತು. ಸ್ಪ್ರಿಂಕ್ಲರ್, ಡ್ರಿಪ್ ಇದ್ರೆ ಇನ್ನೂ ದೂರ ಹೋಗುತ್ತೆ. 2014ರಲ್ಲಿ ಶುರುವಾದ ರಾಜ್ಯ ಸರ್ಕಾರದ ಕೃಷಿಭಾಗ್ಯ ಯೋಜನೆ ಇದನ್ನೇ ಮಾಡೋಕೆ ಬಂದಿದ್ದು. ಇಂಥ ಯೋಜನೆ ಒಂದು ಸರ್ಕಾರದಲ್ಲಿ ಓಡೋದು, ಇನ್ನೊಂದರಲ್ಲಿ ಕುಂಟೋದು ಆಗಬಾರದು. ಹೊಸ ಕಾಲುವೆಗೆ ಸುರಿಯೋ ದುಡ್ಡಿನಲ್ಲಿ ಒಂದು ಪಾಲು ಪ್ರತಿ ವರ್ಷ ತಪ್ಪದೇ ಹೊಂಡಗಳಿಗೆ ಹೋಗಲಿ.

ಇನ್ನೊಂದು ಮಾತು, ಇದನ್ನು ಬಿಟ್ಟರೆ ಮೇಲಿನದ್ದೆಲ್ಲಾ ವ್ಯರ್ಥ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. 2025ರ ನವೆಂಬರ್‌ನಲ್ಲಿ ಮಾರುಕಟ್ಟೆಯಲ್ಲಿ ಸಿಕ್ಕಿದ್ದು 2,000ಕ್ಕಿಂತ ಕಡಿಮೆ, ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಬೀದಿಗಿಳಿದರು. ಡೀಸೆಲ್ ಸುಟ್ಟು ನೀರು ಹಾಯಿಸಿ ಹೆಚ್ಚು ಬೆಳೆದವನಿಗೆ ಬೆಲೆ ಕುಸಿತ ಬಹುಮಾನವಾದ್ರೆ, ಮುಂದಿನ ವರ್ಷ ಅವನು ಯಾಕೆ ನೀರು ಹಾಯಿಸ್ತಾನೆ? ರೈತರು ಧರಣಿ ಕೂತ ಮೇಲೆ ಖರೀದಿ ಕೇಂದ್ರದ ಮಾತು ಬರೋದು ನಿಲ್ಲಬೇಕು. ಅಕ್ಟೋಬರ್‌ನಲ್ಲಿ ಕಣಕ್ಕೆ ತೆನೆ ಬರೋ ಮೊದಲೇ ಕೇಂದ್ರ ತೆರೆದಿರಬೇಕು, ತೇವಾಂಶ ಅಳೆಯೋ ಯಂತ್ರ, ಒಣಗಿಸೋಕೆ ಜಾಗ ಅಲ್ಲೇ ಇರಬೇಕು.

ಹೊಂಡ ಇರೋ ರೈತರಿಗೆ ಒಂದು ಕೋರಿಕೆ. ಮುಂಗಾರಿಗೆ ಮೊದಲು ಹೂಳು ತೆಗೆಸಿ, ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಎಲ್ಲಾದರೂ ಹರಿದಿದೆಯಾ ನೋಡ್ಕೊಳ್ಳಿ. ಬೆಳೆ ಮೊಣಕಾಲೆತ್ತರ ಇದ್ದಾಗ ನಾಲ್ಕು ದಿನ ಬಾಡಿತು ಅಂತ ಗಾಬರಿಯಾಗಿ ಹೊಂಡ ಖಾಲಿ ಮಾಡ್ಬೇಡಿ. ಆಗ ಗಿಡ ಸ್ವಲ್ಪ ತಡೆದುಕೊಳ್ಳುತ್ತೆ. ಮೋಟಾರ್ ಹಚ್ಚೋದು ಸೂಲಂಗಿ ಇಣುಕಿದ ಮೇಲೆ.