ಕೊಡೆ ಎಂದರೆ ಮಳೆ

ಎಲ್ಲರಿಗೂ ನಮಸ್ಕಾರ.

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ, ರಕ್ತದ ಹೆಪ್ಪು ಕರಗಿಸುವ ಮದ್ದು ಕೊಡಲು ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಸಮಯ ಎಂದು ಡಾಕ್ಟರು ಈಗ ತಾನೇ ಹೇಳಿದರು. ಅದನ್ನು ನಾನು ಮತ್ತೆ ಹೇಳುವುದಿಲ್ಲ. ನಾನು ಮಾತಾಡಬೇಕಾದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ದಿನಗಳ ಬಗ್ಗೆ.

ನಮ್ಮ ಅಪ್ಪನಿಗೆ ಪಾರ್ಶ್ವವಾಯು ಆದದ್ದು ಅಡಿಕೆ ಕೊಯ್ಲಿನ ಸಮಯದಲ್ಲಿ. ಬಲಗೈ, ಬಲಗಾಲು ಸೋತಿತ್ತು. ಮಾತೂ ಹೋಗಿತ್ತು. ಹೀಗೆ ಮಾತು ಹೋಗುವುದಕ್ಕೆ ಅಫೇಸಿಯಾ ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಮನೆಗೆ ಕರೆತಂದ ಮೇಲೆ ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಅಂಗಳ ತುಂಬಾ ಅಡಿಕೆ ಹರವಿತ್ತು. ಹಣ್ಣಡಿಕೆ ಒಣಗಿ ಚಾಲಿ ಆಗಲು ಎಷ್ಟು ಬಿಸಿಲು ಬೇಕು ಎಂದು ನಿಮಗೆ ಹೇಳಬೇಕಾಗಿಲ್ಲ.

ಒಂದು ಮಧ್ಯಾಹ್ನ ಅಪ್ಪ ಇದ್ದಕ್ಕಿದ್ದಂತೆ "ಕೊಡೆ" ಅಂದರು. ಮನೆಗೆ ಬಂದ ಮೇಲೆ ಅಷ್ಟು ಸ್ಪಷ್ಟವಾಗಿ ಬಂದ ಮೊದಲ ಮಾತು ಅದು. ಅಮ್ಮನಿಗೆ ಖುಷಿಯೋ ಖುಷಿ. ಓಡಿಹೋಗಿ ಕೊಡೆ ತಂದು ಕೈಗಿಟ್ಟರು. ಅಪ್ಪ ಅದನ್ನು ಎಡಗೈಯಲ್ಲಿ ದೂಡಿದರು. "ಕೊಡೆ, ಕೊಡೆ." ಬೇರೆ ಕೊಡೆ ಇರಬೇಕು ಎಂದು ನಾನು ಅವರ ಹಳೆಯ ಮರದ ಹಿಡಿಯ ಕೊಡೆ ಹುಡುಕಿ ತಂದೆ. ಅದನ್ನು ಎಸೆದೇಬಿಟ್ಟರು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ನೋಡಲು ಬಂದಿದ್ದ ನೆಂಟರೊಬ್ಬರು ನನ್ನ ಹತ್ತಿರ ಮೆಲ್ಲಗೆ, "ತಲೆಗೂ ಸ್ವಲ್ಪ ಏನೋ ಆಗಿದೆ" ಅಂದರು. ಅಪ್ಪನಿಗೆ ಅದು ಕೇಳಿಸಿತು.

ಅರ್ಧ ಗಂಟೆಯಲ್ಲಿ ಮಳೆ ಸುರಿಯಿತು. ಅಂಗಳದ ಅಡಿಕೆ ಪೂರ್ತಿ ಒದ್ದೆ.

ಅಪ್ಪ ಗುಡ್ಡದ ಮೇಲೆ ಮೋಡ ಕಟ್ಟಿದ್ದನ್ನು ನಮಗಿಂತ ಮೊದಲೇ ನೋಡಿದ್ದರು. ಟಾರ್ಪಾಲು ಎಳೆಯಿರಿ ಎಂದು ಹೇಳಲು ಹೊರಟಿದ್ದರು. ಮಳೆ ಎಂಬ ಮಾತು ಸಿಗಲಿಲ್ಲ, ಅದರ ಪಕ್ಕದ ಮಾತು ನಾಲಿಗೆಗೆ ಬಂತು. ಅಫೇಸಿಯಾದಲ್ಲಿ ಹೀಗಾಗುವುದು ಬಹಳ ಸಾಮಾನ್ಯ. ಅಕ್ಕ ಅನ್ನಲು ಹೋಗಿ ಅಮ್ಮ ಅನ್ನುತ್ತಾರೆ, ಚಮಚಕ್ಕೆ ತಟ್ಟೆ ಅನ್ನುತ್ತಾರೆ. ಹಾಗೆಂದು ಅವರಿಗೆ ಬುದ್ಧಿ ಇಲ್ಲ ಅಂತಲ್ಲ. ಆ ದಿನ ನಮ್ಮಲ್ಲಿ ಯಾರಾದರೂ ಕೊಡೆ ತರಲು ಓಡುವ ಮೊದಲು ಮನಸ್ಸಲ್ಲೇ ಹತ್ತು ಎಣಿಸಿದ್ದರೆ, ಅವರು ಎತ್ತ ನೋಡುತ್ತಿದ್ದಾರೆ ಎಂದು ಕಾಣುತ್ತಿತ್ತು.

ನಾನು ಇವತ್ತು ಇಲ್ಲಿಗೆ ಬಂದದ್ದೇ ಈ ಒಂದು ಮಾತು ಹೇಳಲು. ಹತ್ತು ಎಣಿಸಿ. ಅವರು ಮಾತು ಹುಡುಕುವಾಗ ನಿಮ್ಮ ಮಾತನ್ನು ಬಾಯಿಗೆ ತುರುಕಬೇಡಿ.

ಪ್ಯಾರಿಸ್‌ನ ಬ್ರೋಕಾ ಎಂಬ ಡಾಕ್ಟರು 1861ರಲ್ಲಿ ಒಬ್ಬ ರೋಗಿಯನ್ನು ನೋಡಿದರು. ಆತನಿಗೆ ಬರುತ್ತಿದ್ದದ್ದು ಹೆಚ್ಚುಕಡಿಮೆ 'ತಾನ್' ಎಂಬ ಒಂದೇ ಉಲಿ. ಈ ಆಸ್ಪತ್ರೆಯಲ್ಲಿ ಎಷ್ಟು ವರ್ಷದಿಂದ ಇದ್ದೀಯ ಎಂದು ಕೇಳಿದಾಗ ಆತ ಎಡಗೈಯನ್ನು ನಾಲ್ಕು ಸಲ ಬಿಚ್ಚಿ ತೋರಿಸಿ, ಕೊನೆಗೆ ಒಂದು ಬೆರಳು ಎತ್ತಿದ. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು. ಬ್ರೋಕಾ ಆ ಕೈಯನ್ನು ಕಾದು ನೋಡಿದರು, ಅಲ್ವಾ? ಅವರೂ ಹತ್ತು ಎಣಿಸಿದವರೇ.

ಇನ್ನು ಭಾಷೆ. ನಮ್ಮ ಕಾಸರಗೋಡಿನಲ್ಲಿ ಇದನ್ನು ಬಿಟ್ಟು ಮುಂದೆ ಹೋಗಲಾಗದು. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಅಪ್ಪನಿಗೆ ಮಾತಿನ ಪರೀಕ್ಷೆ ಮಾಡಿದವರು ಮಲಯಾಳದಲ್ಲಿ ಕೇಳಿದರು, ಉತ್ತರ ಬರಲಿಲ್ಲ ಎಂದು ಬರೆದರು. ಒಂದು ದಿನ ತೋಟದ ಕೆಲಸದ ಅಣ್ಣ ಲೋಟಕ್ಕೆ ಚಾ ಬಗ್ಗಿಸುತ್ತಿದ್ದಾಗ ಅಪ್ಪ "ಯಾವು" ಅಂದರು. ಸಾಕು ಎಂಬ ಕನ್ನಡ ಮಾತು ಬಾರದವರಿಗೆ ತುಳುವಿನ ಯಾವು ಬಂತು! ಯಾವ ಭಾಷೆ ಮೊದಲು ಮರಳುತ್ತದೆ ಎಂದು ಮೊದಲೇ ಹೇಳಲಾಗದು. ಆದ್ದರಿಂದ ಚಿಕಿತ್ಸೆ ಕೊಡುವವರಿಗೆ ಎಲ್ಲ ಭಾಷೆಗಳನ್ನೂ ತಿಳಿಸಿ. ಯಾರ ಜೊತೆ ಯಾವ ಭಾಷೆ ಎಂಬುದನ್ನೂ ಹೇಳಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಇದೆ. ಬೇಗ ಹೇಳುತ್ತೇನೆ. ಟಿವಿ ಆರಿಸಿ ಮಾತಾಡಿ. ಕೂಗಬೇಡಿ, ಅವರಿಗೆ ಕಿವಿ ಕೇಳಿಸುತ್ತದೆ. ಏನು ಬೇಕು ಎಂದು ಕೇಳುವ ಬದಲು ಚಾ ಲೋಟ, ಮಜ್ಜಿಗೆ ಲೋಟ ಎರಡನ್ನೂ ಎದುರಿಗೆ ಹಿಡಿಯಿರಿ. ಹೌದು, ಅಲ್ಲ ಎಂಬುದು ಕೆಲವರಿಗೆ ಅದಲು ಬದಲಾಗುತ್ತದೆ, ಹಾಗಾಗಿ ಮುಖವನ್ನೂ ನೋಡಿ. ಬೆರಳಿಟ್ಟು ತೋರಿಸಲು ಅಕ್ಷರದ ಹಲಗೆ ಕೊಟ್ಟರೆ ಸಾಕು ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಓದು ಬರಹಕ್ಕೂ ಪೆಟ್ಟು ಬಿದ್ದಿರುತ್ತದೆ. ಭಜನೆ ಹಾಡಿದರೆ ಕೆಲವರಿಗೆ ಮಾತು ತಾನಾಗಿ ಹರಿಯುತ್ತದೆ, ಜೊತೆಗೆ ಹಾಡಿ. ನೋಡಲು ಹೋದವರು ಬಾಗಿಲಲ್ಲಿ ನಿಂತು ಮನೆಯವರ ಹತ್ತಿರ ವಿಚಾರಿಸಿ ಬರಬೇಡಿ. ಕುರ್ಚಿ ಎಳೆದು ಅವರ ಎದುರು ಕೂತುಕೊಳ್ಳಿ. ಅವರನ್ನೇ ಕೇಳಿ. ಆಮೇಲೆ ಹತ್ತು ಎಣಿಸಿ.

ಅಪ್ಪನ ನೋಟ್‌ಬುಕ್ ತಂದಿದ್ದೇನೆ. ಮೊಮ್ಮಗಳು ಚಿತ್ರ ಬಿಡಿಸಿದ್ದಾಳೆ. ಲೋಟ, ಕನ್ನಡಕ, ಸೊಂಟನೋವು, ದನದ ಕೊಟ್ಟಿಗೆ, ನಮ್ಮೆಲ್ಲರ ಮುಖ. ಮೊದಲ ಪುಟದಲ್ಲಿ ಮೋಡ ಇದೆ. ಬೆರಳಿಟ್ಟು ಇಟ್ಟು ಆ ಪುಟದ ಮೂಲೆ ಸವೆದಿದೆ. ಹಿಂದಿನ ಬೆಂಚಿನವರೆಗೂ ದಾಟಿಸಿ, ನಿಧಾನಕ್ಕೆ ನೋಡಿ.