ಮಾನಸಿಕ ಕಾಯಿಲೆಯೋ ಆಟಿಸಂನಂಥದ್ದೋ ಇದೆ ಅಂತ ಆಫೀಸಿನಲ್ಲಿ ಹೇಳಬೇಕಾ? ಹೇಳುವುದಾದರೆ ಎಷ್ಟು?

ಮುಚ್ಚಿಡಬೇಡಿ, ಮನಸ್ಸು ಬಿಚ್ಚಿ ಮಾತಾಡಿ. ಮಾನಸಿಕ ಆರೋಗ್ಯದ ಭಾಷಣಗಳಲ್ಲೆಲ್ಲ ಇದೇ ಮಾತು. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಅದು ನಡೆಯಬಹುದು. ಶಿರಸಿಯಲ್ಲಿ ಕೆಲಸ ಕೇಳಲು ಹೋದರೆ, ಓದಿದ್ದೇನು ಅಂತ ಕೇಳುವ ಮೊದಲೇ "ಯಾರ ಮನೆಯವ ತಮಾ ನೀನು?" ಅನ್ನುತ್ತಾರೆ. ಸಾಹುಕಾರರಿಗೆ ನಿಮ್ಮ ಮಾವ ಗೊತ್ತು. ಮಾವನಿಗೆ ನಿಮ್ಮ ತಂಗಿಯ ಜಾತಕ ನೋಡುತ್ತಿರುವ ಮನೆಯವರು ಗೊತ್ತು. ಆಯ್ತಲ್ಲ! ನಮ್ಮವರು ಡಾಕ್ಟರಿಗೆ ತೋರಿಸಲೂ ಧಾರವಾಡಕ್ಕೋ ಮಣಿಪಾಲಕ್ಕೋ ಬಸ್ ಹತ್ತುವುದು ಸುಮ್ನೆ ಅಲ್ಲ. ಹೊರಗೆ ಬೆಂಚಿನ ಮೇಲೆ ಕೂತಾಗ ಗುರುತಿನವರು ಸಿಗಬಾರದು, ಅಷ್ಟೇ.

ಹಾಗಾಗಿ ನಾನು ಹೇಳುವುದಿಷ್ಟು: ಕಾಯಿಲೆಯ ಹೆಸರು ಬೇಡ, ನಿಮಗೆ ಏನು ಅನುಕೂಲ ಬೇಕೋ ಅದನ್ನು ಕೇಳಿ.

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗ ಅಂತ ಇಟ್ಟುಕೊಳ್ಳಿ. ಟೆಂಡರ್, ಅಂದರೆ ಅಡಿಕೆ ಹರಾಜಿನ ಹೊತ್ತು. ಆಚೆಯಿಂದ ಒಬ್ಬ ತೂಕ ಕೂಗುತ್ತಾನೆ, ಈಚೆ ಫೋನು, ಎದುರಿಗೆ ಮೂವರು ಬೆಳೆಗಾರರು ತಮ್ಮ ಲೆಕ್ಕ ಕೇಳುತ್ತಾ ನಿಂತಿದ್ದಾರೆ. ಹುಡುಗನಿಗೆ ಆಟಿಸಂ. ಲೆಕ್ಕದಲ್ಲಿ ಗಟ್ಟಿ, ಗದ್ದಲ ಮಾತ್ರ ಆಗದು. "ತೂಕ ಚೀಟಿಯಲ್ಲಿ ಬರೆದು ಕೊಡಿ, ನನ್ನ ಮೇಜು ಒಳಗಿನ ಕೋಣೆಗೆ ಹಾಕಿ" ಅಂದರೆ ಸಾಕು ಅಲ್ವಾ? ರಾತ್ರಿಯ ಮಾತ್ರೆಯಿಂದ ಬೆಳಗ್ಗೆ ಮಂಪರು ಬಿಡದವರು "ಒಂದು ತಾಸು ತಡವಾಗಿ ಬರ್ತೇನೆ, ಸಂಜೆ ನಿಂತು ಮುಗಿಸ್ತೇನೆ" ಅನ್ನಬಹುದು.

ಅಷ್ಟಕ್ಕೆ ಒಪ್ಪದಿದ್ದರೆ ಕಾನೂನು ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆ, ಆಟಿಸಂ, ಕಲಿಕಾ ತೊಂದರೆ ಮೂರೂ ಇವೆ. ಗಮನ ಒಂದು ಕಡೆ ನಿಲ್ಲದ, ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿಯ ಹೆಸರು ಮಾತ್ರ ಪ್ರತ್ಯೇಕವಾಗಿ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಸರ್ಕಾರಿ ನೌಕರಿಯಲ್ಲಿರುವಾಗ ವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ನಾಲ್ಕು ಜನ ಕೆಲಸ ಮಾಡುವ ಅಂಗಡಿಯಲ್ಲಿ ಅದನ್ನು ಹುಡುಕಲು ಹೋಗಬೇಡಿ, ಬಿಡಿ! ಈ ರಕ್ಷಣೆ ಬೇಕೆಂದರೆ ಹೆಸರು ಹೇಳಲೇಬೇಕಾಗುತ್ತದೆ. ಆಗ ಬಾಯಿಮಾತು ಬೇಡ. ಕಾಗದದಲ್ಲಿ ಬರೆದು ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ಕೇಳುವವರಿಗಂತೂ ಸರ್ಟಿಫಿಕೇಟ್ ತೋರಿಸದೆ ದಾರಿಯಿಲ್ಲ.

ಡಾಕ್ಟರು ಸಾಹುಕಾರರಿಗೆ ಹೇಳಿಬಿಟ್ಟರೆ ಅನ್ನುವ ಭಯ ಹಲವರಿಗಿದೆ. ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅನ್ನುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಫೋನ್ ಮಾಡಲು ಯಾವ ಬೆಂಚಿನ ಮೇಲೂ ಕೂರಬೇಕಿಲ್ಲ.

ಒಂದು ಕಡೆ ಮಾತ್ರ ನಾನು ಬೇರೆ ಮಾತಾಡುತ್ತೇನೆ. ದೇವಿಮನೆ ಘಟ್ಟದಲ್ಲಿ ಬಸ್ ಓಡಿಸುವವರಿಗೆ, ಕಾರವಾರದ ಬೈತಖೋಲ ಬಂದರಿನಿಂದ ಮೀನುಗಾರಿಕೆ ಬೋಟಿನಲ್ಲಿ ಹೋಗುವವರಿಗೆ ಮಾತ್ರೆಯಿಂದ ತೂಕಡಿಕೆ ಬರುತ್ತಿದ್ದರೆ ಡಿಪೋದಲ್ಲಿ, ಬೋಟಿನ ಮುಖ್ಯಸ್ಥ ತಾಂಡೇಲನ ಹತ್ತಿರ ಹೇಳಲೇಬೇಕು. ಅಲ್ಲಿ ನಾಚಿಕೆ ನೋಡುತ್ತಾ ಕೂತರೆ ಬೇರೆಯವರ ಜೀವಕ್ಕೆ ಕುತ್ತು. ಆದರೂ "ಮಾತ್ರೆಗೆ ನಿದ್ದೆ ಬರ್ತದೆ" ಅಂದರೆ ಸಾಕು. ಎಂಥ ಮಾತ್ರೆ ಅಂತ ತಾಂಡೇಲ ಕೇಳಿದರೆ, ಡಾಕ್ಟರು ಕೊಟ್ಟದ್ದು ಅನ್ನಿ.