ಮುತ್ತಜ್ಜಿಗೊಂದು ಮೇಣದಬತ್ತಿ

ಕೇಳುಗರೆಲ್ಲರಿಗೂ ನಮಸ್ಕಾರ.

ನವೆಂಬರ್ 2, ಕ್ಯಾಥೊಲಿಕರಾದ ನಮಗೆ ಸತ್ತವರನ್ನು ನೆನೆಯುವ ದಿನ. ಅವತ್ತು ಸಮಾಧಿಗಳ ಮೇಲೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ನಮ್ಮಪ್ಪ ಮನೆಯವರ ಸಮಾಧಿಗಳಿಗೆಲ್ಲ ಹಚ್ಚಿ, ಕೊನೆಗೆ ಒಂದು ಬತ್ತಿ ಉಳಿಸಿಕೊಳ್ಳುತ್ತಿದ್ದರು. ಅದನ್ನು ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ, ಯಾರದ್ದೋ ಬತ್ತಿ ಕರಗಿ ಬಿದ್ದ ಬಿಸಿ ಮೇಣಕ್ಕೆ ಒತ್ತಿ ನಿಲ್ಲಿಸುತ್ತಿದ್ದರು. ಗಾಳಿಗೆ ಆರದಂತೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದರು.

"ಇದು ಯಾರಿಗಪ್ಪಾ?" ಅಂತ ಒಮ್ಮೆ ಕೇಳಿದೆ.

"ನಮ್ಮ ಮುತ್ತಜ್ಜಿಗೆ. ಪಾಪ, ಅವರಿಗೆ ಯೇಸುವಿನ ಹೆಸರೇ ಗೊತ್ತಿರಲಿಲ್ಲ ಕಣಮ್ಮಾ."

ನಮ್ಮ ಮನೆಯಲ್ಲಿ ಮೊದಲು ಜ್ಞಾನಸ್ನಾನ ಪಡೆದು ಕ್ರೈಸ್ತರಾದವರು ಆಕೆಯ ಮಗ. ಆಕೆ ಅಷ್ಟರೊಳಗೆ ತೀರಿಕೊಂಡಿದ್ದರು. ಹಾಗಾದರೆ ಆಕೆಯ ಆತ್ಮ ಎಲ್ಲಿಗೆ ಹೋಯಿತು? ಈ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ.

ನನಗಿಂತ ಮುಂಚೆ ಇದನ್ನೇ ಕೇಳಿ ಅತ್ತವರಿದ್ದಾರೆ. ಕ್ರೈಸ್ತ ಧರ್ಮ ಸಾರಲು ಊರೂರು ಅಲೆದ ಸಂತ ಫ್ರಾನ್ಸಿಸ್ ಕ್ಸೇವಿಯರ್ ನಿಮಗೆ ಗೊತ್ತಿರಬಹುದು. ಅವರ ದೇಹ ಇವತ್ತಿಗೂ ಹಳೆ ಗೋವಾದಲ್ಲಿದೆ. ಅವರು 1549ರಲ್ಲಿ ಜಪಾನಿಗೆ ಹೋದರು. ಅಲ್ಲಿನ ಯಮಗುಚಿ ಪಟ್ಟಣದಲ್ಲಿ ಜನ ಅವರ ಮಾತನ್ನು ಪ್ರೀತಿಯಿಂದ ಕೇಳಿದರು. ಕೇಳಿದ ಮೇಲೆ ಎರಡು ಪ್ರಶ್ನೆ ಮುಂದಿಟ್ಟರು. ದೇವರು ಅಷ್ಟು ಒಳ್ಳೆಯವನಾದರೆ ನಮಗೆ ಇಷ್ಟು ದಿನ ಯಾಕೆ ತಿಳಿಸಲಿಲ್ಲ? ನಮ್ಮ ಅಪ್ಪ, ಅಮ್ಮ, ಸತ್ತ ಮಕ್ಕಳ ಗತಿ ಏನು?

ಮೊದಲನೆಯದಕ್ಕೆ ಕ್ಸೇವಿಯರ್ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಕೊಲ್ಲಬಾರದು, ಕದಿಯಬಾರದು ಅನ್ನೋದು ಯಾರೂ ಹೇಳಿಕೊಡದೆ ನಿಮಗೆ ಗೊತ್ತಿತ್ತು. ಕಾಡಿನಲ್ಲಿ ಒಬ್ಬನೇ ಬೆಳೆದವನನ್ನು ಕೇಳಿದರೂ ಅವನು ಅದನ್ನೇ ಹೇಳುತ್ತಾನೆ. ಅದನ್ನು ಮನಸ್ಸಿನಲ್ಲಿ ಬರೆದವನು ದೇವರೇ ಅಂದರು.

ಎರಡನೆಯದಕ್ಕೆ ಮಾತ್ರ, ನರಕಕ್ಕೆ ಹೋದವರಿಗೆ ಬಿಡುಗಡೆ ಇಲ್ಲ, ನಿಮ್ಮ ದಾನ, ಪ್ರಾರ್ಥನೆ ಯಾವುದೂ ಅವರಿಗೆ ಮುಟ್ಟುವುದಿಲ್ಲ ಅಂದರು. ಜನ ಅತ್ತರು. ಪ್ರೀತಿಯ ಗೆಳೆಯರು ಹಾಗೆ ಅಳುವುದನ್ನು ನೋಡಿ ನನಗೂ ಸಂಕಟವಾಗುತ್ತದೆ ಅಂತ 1552ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಕ್ಸೇವಿಯರ್ ಕಲ್ಲು ಮನಸ್ಸಿನವರಲ್ಲ. ತಾವು ಕಲಿತದ್ದನ್ನು ಹೇಳಿದರು, ಅಷ್ಟೇ. 'ಧರ್ಮಸಭೆಯ ಹೊರಗೆ ರಕ್ಷಣೆ ಇಲ್ಲ', ಅಂದರೆ ಚರ್ಚಿಗೆ ಸೇರದವರಿಗೆ ಮುಕ್ತಿ ಇಲ್ಲ ಅನ್ನೋ ಮಾತು ಆ ಕಾಲದಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿತ್ತು. ಆದರೆ 3ನೇ ಶತಮಾನದಲ್ಲಿ ಕಾರ್ತೇಜಿನ ಬಿಷಪ್ ಸಿಪ್ರಿಯನ್ ಅದನ್ನು ಹೇಳಿದ್ದು ಧರ್ಮಸಭೆಯಿಂದ ಒಡೆದು ಹೋಗುತ್ತಿದ್ದವರನ್ನು ಕುರಿತು. ಶುಭಸಂದೇಶವೇ ತಲುಪದ ಮುದುಕಿಯೊಬ್ಬಳು ಅವರ ಕಣ್ಣ ಮುಂದೆ ಇರಲಿಲ್ಲ.

ಬೈಬಲಿನಲ್ಲಿ ಬೇರೆ ದನಿಯೂ ಇದೆ. ಪೌಲರು ರೋಮಿನವರಿಗೆ ಬರೆದ ಪತ್ರದ 2ನೇ ಅಧ್ಯಾಯ ನೋಡಿ. ಧರ್ಮಶಾಸ್ತ್ರ ಸಿಗದವರಿಗೂ ಅದು ಹೃದಯದಲ್ಲೇ ಬರೆದಿದೆ ಅನ್ನುತ್ತಾರೆ. ಕ್ಸೇವಿಯರ್ ಹೇಳಿದ್ದೂ ಅದನ್ನೇ, ಅಲ್ವಾ? ಇನ್ನು ಪೇತ್ರರ ಮೊದಲ ಪತ್ರದಲ್ಲಿ, ಕ್ರಿಸ್ತರು ಸೆರೆಯಲ್ಲಿದ್ದ ಆತ್ಮಗಳ ಬಳಿಗೆ ಹೋಗಿ ಸಾರಿದರು ಎಂದಿದೆ. ಇದರ ಅರ್ಥದ ಬಗ್ಗೆ ಪಂಡಿತರು ಇನ್ನೂ ವಾದಿಸುತ್ತಾರೆ. ನನಗಂತೂ ಅದನ್ನು ಓದಿದಾಗಲೆಲ್ಲ ಮುತ್ತಜ್ಜಿ ನೆನಪಾಗುತ್ತಾರೆ.

1964ರ ನವೆಂಬರಿನಲ್ಲಿ ಕ್ಯಾಥೊಲಿಕ್ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು ಬಾಯಿಬಿಟ್ಟು ಹೇಳಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನು ಅರಿಯದೆ ಹೋದವರು, ನಿಜ ಮನಸ್ಸಿನಿಂದ ದೇವರನ್ನು ಹುಡುಕಿ, ದೇವರ ಕೃಪೆಯಿಂದ ಮನಸ್ಸಾಕ್ಷಿಯಂತೆ ಬದುಕಿದರೆ ಅವರಿಗೂ ರಕ್ಷಣೆ ಸಿಗಬಲ್ಲದು. ಆ ರಕ್ಷಣೆ ಕೊಡುವವರು ಕ್ರಿಸ್ತರೇ ಎಂದು ನಾವು ನಂಬುತ್ತೇವೆ. ಇದನ್ನು ಒಪ್ಪದ ಕ್ರೈಸ್ತರೂ ಇದ್ದಾರೆ. ಹಾಗಾದರೆ ಊರೂರಿಗೆ ಹೋಗಿ ಸಾರುವುದು ಯಾತಕ್ಕೆ ಅಂತ ಕೇಳುತ್ತಾರೆ. ನಮ್ಮನ್ನು ಪ್ರೀತಿಸುವವರು ಯಾರು ಅಂತ ಗೊತ್ತಾಗುವುದೇ ಒಂದು ದೊಡ್ಡ ಸಂತೋಷವಲ್ಲವೇ? ಅದಕ್ಕೆ ನರಕದ ಭಯ ಯಾಕೆ ಬೇಕು?

ಯಮಗುಚಿಯ ಆ ತಾಯಂದಿರಿಗೆ ನಾನು ಹೇಳಲು ಆಗಿದ್ದರೆ ಇಷ್ಟೇ ಹೇಳುತ್ತಿದ್ದೆ: ಪ್ರಾರ್ಥನೆ ನಿಲ್ಲಿಸಬೇಡಿ. ಚರ್ಚಿನಲ್ಲಿ ನಡೆಯುವ ನಮ್ಮ ಬಲಿಪೂಜೆಯ ನಾಲ್ಕನೇ ಮಹಾಪ್ರಾರ್ಥನೆಯಲ್ಲಿ ಒಂದು ಸಾಲು ಬರುತ್ತದೆ. ಯಾರ ವಿಶ್ವಾಸ ದೇವರೊಬ್ಬನಿಗೇ ಗೊತ್ತೋ, ಅಂಥ ಸತ್ತವರೆಲ್ಲರನ್ನೂ ಅಲ್ಲಿ ನೆನೆಯುತ್ತೇವೆ. ಫಾದರ್ ಅದನ್ನು ಓದುವಾಗ ನಾನು ಕಣ್ಣು ಮುಚ್ಚುತ್ತೇನೆ. ಮುತ್ತಜ್ಜಿಯ ಹೆಸರು ಅಪ್ಪನಿಗೂ ಗೊತ್ತಿರಲಿಲ್ಲ. 'ನಮ್ಮಪ್ಪನ ಮುತ್ತಜ್ಜಿ' ಅಂತಲೇ ದೇವರಿಗೆ ಹೇಳುತ್ತೇನೆ.

ನಮಸ್ಕಾರ.